ಗಟ್ಟಿ ಸಿಗುವ ತನಕ

ಪೆನ್ಸಿಲು ಕಳೆದುಕೊಳ್ಳುವುದು ನಮ್ಮ ಮಗಳ ನಿತ್ಯಕರ್ಮಗಳಲ್ಲೊಂದು. ಶಾಲೆಯಲ್ಲಿ ಕಳೆಯುತ್ತಾಳೆ, ಜಗಲಿಯಲ್ಲಿ ಕಳೆಯುತ್ತಾಳೆ. ಒಮ್ಮೊಮ್ಮೆ ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಮನೆಮಂದಿಯನ್ನೆಲ್ಲ ಹುಡುಕಲು ಹಚ್ಚುತ್ತಾಳೆ. ಆದ್ದರಿಂದ ಕಳೆದ ಫೆಬ್ರವರಿಯ ಒಂದು ಭಾನುವಾರ ಸಂಜೆ, ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅವಳು “ಅಪ್ಪಾ, ಪೆನ್ಸಿಲು ಬಿತ್ತು” ಎಂದಾಗ ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕಾರಿನೊಳಗೆ ಬಿದ್ದದ್ದು ಕಾರಿನೊಳಗೇ ಇರತಕ್ಕದ್ದೆಂಬುದು ತರ್ಕಶಾಸ್ತ್ರವನ್ನು ಓದದವರಿಗೂ ತಿಳಿದ ಸಂಗತಿ.

ಮನೆಗೆ ಬಂದು ಹುಡುಕಿದರೆ ಪೆನ್ಸಿಲು ಇರಲಿಲ್ಲ. ರಬ್ಬರಿನ ಮ್ಯಾಟು ಒಂದು ಮೂಲೆಯಲ್ಲಿ ಮಡಿಸಿಕೊಂಡಿತ್ತು. ಅದನ್ನು ಪೂರ್ತಿ ಮೇಲೆತ್ತಿದಾಗ, ಪೆನ್ಸಿಲಿನ ಬದಲಿಗೆ ರೂಪಾಯಿಯ ನಾಣ್ಯದಷ್ಟು ಅಗಲದ ಬೆಳಕು ಕಂಡಿತು. ಇನ್ನೂ ಬಗ್ಗಿ ನೋಡಿದರೆ ಅಂಗಳದ ಗರಿಕೆ ಕಂಡಿತು. ಮಗಳಿಗೆ ಹಿಡಿಸಲಾರದ ಸಂತೋಷ. “ಅಪ್ಪಾ, ನಮ್ಮ ಕಾರಿಗೆ ಕೆಳಗೂ ಒಂದು ಕಿಟಕಿ ಇದೆ!” ಎಂದು ಕೂಗುತ್ತ ಅಜ್ಜಯ್ಯನಿಗೆ ಸುದ್ದಿ ಮುಟ್ಟಿಸಲು ಹೊರಟವಳನ್ನು ನಾನು ತಡೆದೆ. ಏಕೆ ತಡೆದೆನೆಂಬುದನ್ನು ಹೇಳುವುದಕ್ಕಾಗಿಯೇ ಈ ಪ್ರಬಂಧ.

ಕಾರು ನನ್ನದಲ್ಲ, ನಮ್ಮ ತಂದೆಯವರದು. 1986ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100 ಎಂಬ ಕಾರು ಮುಂಬಯಿಯಲ್ಲಿ ತಯಾರಾಗತೊಡಗಿ, 1970ರ ದಶಕದಲ್ಲಿ ಚಿತ್ತೂರಿನ ರಾಣಿಯ ಹೆಸರನ್ನು ಧರಿಸಿ, ಮಧ್ಯಮವರ್ಗದವರ ಮನೆ ತುಂಬಿದ ಕಥೆ ಹಿರಿಯ ಓದುಗರಿಗೆ ತಿಳಿದದ್ದೇ. ಈ ಶತಮಾನ ಕಣ್ಣು ತೆರೆಯುವ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಮುಂಬಯಿಯ ಬೀದಿಗಳಲ್ಲಿ ಕಪ್ಪು-ಹಳದಿ ಬಣ್ಣ ತೊಟ್ಟು ಓಡುತ್ತಿದ್ದ ಪದ್ಮಿನಿ ಟ್ಯಾಕ್ಸಿಗಳ ಕಾಲವೂ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಆದರೆ ಕುಂದಾಪುರದ ನಮ್ಮ ಅಂಗಳದಲ್ಲಿ ಒಬ್ಬ ಪದ್ಮಿನಿ, ಮಾಸಿದ ಕೆನೆಬಣ್ಣದ ಸೀರೆಯುಟ್ಟು, ಹಂಚಿನ ಚಪ್ಪರದ ಕೆಳಗೆ ಇನ್ನೂ ಇದ್ದಾಳೆ.

ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಅಪ್ಪಯ್ಯ ಅದನ್ನು 1994ರಲ್ಲಿ ವೈದ್ಯರೊಬ್ಬರಿಂದ ಕೊಂಡರು. ಅರ್ಧ ಹಣ ಸೊಸೈಟಿಯ ಸಾಲ, ಉಳಿದರ್ಧ ಅಮ್ಮನ ಬಳೆ. ಆಗ ನನಗೆ ಐದು ವರ್ಷ. ಹಳ್ಳಿಯ ಮಾಷ್ಟ್ರು ಕಾರು ಕೊಂಡರೆಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅಪ್ಪಯ್ಯ ಅದರ ಸಂಕೋಚದಿಂದಲೋ ಏನೋ, ವಾರದ ಆರು ದಿನ ಸೈಕಲಿನಲ್ಲೇ ಶಾಲೆಗೆ ಹೋಗುತ್ತಿದ್ದರು. ಕಾರಿಗೆ ಭಾನುವಾರ ಮಾತ್ರ ಸವಾರಿ. ಆ ಸವಾರಿಯ ಗುರಿಯೂ ಒಂದೇ: ಮರವಂತೆ.

ಮರವಂತೆಯನ್ನು ಕಂಡವರಿಗೆ ವರ್ಣನೆ ಬೇಡ. ಕಾಣದವರಿಗೆ ಒಂದು ಮಾತು ಸಾಕು. ರಸ್ತೆಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ; ನಡುವೆ ಹೆದ್ದಾರಿ. ಅಪ್ಪಯ್ಯ ಕಾರನ್ನು ಕಡಲಿಗೆ ಮುಖಮಾಡಿ ನಿಲ್ಲಿಸುವರು. ಅಮ್ಮ ಹಿಂದಿನ ಸೀಟಿನಲ್ಲಿ ಕುಳಿತು ಡಬ್ಬಿ ಬಿಚ್ಚಿ ಚಕ್ಕುಲಿ ಹಂಚುವಳು. ಸೂರ್ಯ ಮುಳುಗುವ ತನಕ ಯಾರೂ ಹೆಚ್ಚು ಮಾತನಾಡುತ್ತಿರಲಿಲ್ಲ. ಗಾಳಿಗೆ ತೇಲಿಬಂದ ತುಂತುರು ಗಾಜಿನ ಮೇಲೆ ಕುಳಿತು ಒಣಗಿ ಬಿಳಿಯ ಪೊರೆಯಾಗುತ್ತಿತ್ತು. ನಾನು ಅದನ್ನು ಬೆರಳಿನಿಂದ ತೀಡಿ ನಾಲಗೆಗೆ ಹಚ್ಚಿ, “ಉಪ್ಪು!” ಎನ್ನುತ್ತಿದ್ದೆ. ಗಾಜಿನ ಮೇಲಿನ ಉಪ್ಪನ್ನು ನಾನು ನೆಕ್ಕಿದೆ. ಕಾರಿನ ಹೊಟ್ಟೆಯಡಿಯ ಉಪ್ಪು ಮೂವತ್ತು ವರ್ಷ ಕಾರನ್ನೇ ನೆಕ್ಕಿತು. ನಮ್ಮ ಸುಖದ ಸಂಜೆಗಳೇ ಅದರ ರೋಗದ ಮೂಲವೆಂದು ಆಗ ಯಾರಿಗೆ ಗೊತ್ತಿತ್ತು?

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಎರಡು ವಸ್ತುಗಳು ಬೇಕು: ಗಾಳಿಯಲ್ಲಿರುವ ಆಮ್ಲಜನಕ, ಮತ್ತು ನೀರು. ಉಪ್ಪು ಇವೆರಡರ ನಡುವಿನ ಮದುವೆಯ ದಲ್ಲಾಳಿ. ತಾನು ಖರ್ಚಾಗದೆ ಕೆಲಸವನ್ನು ಬೇಗ ಮಾಡಿಸುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಈ ಮೂವರಿಗೂ ಎಂದೂ ಬರವಿಲ್ಲ. ತಾಮ್ರದ ಮೇಲೆ ಏಳುವ ಹಸುರು ಕಿಲುಬು ಒಂದು ಪೊರೆಯಾಗಿ ನಿಂತು ಒಳಗಿನ ಲೋಹವನ್ನು ಬಹುಮಟ್ಟಿಗೆ ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಅಂಥ ಕರುಣೆಯಿಲ್ಲ. ಅದು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಉಬ್ಬಿ, ಬಣ್ಣವನ್ನು ಮೇಲಕ್ಕೆತ್ತಿ, ಹಕ್ಕಳೆಯಾಗಿ ಉದುರಿ, ಕೆಳಗಿನ ಹೊಸ ಕಬ್ಬಿಣಕ್ಕೆ ದಾರಿ ತೆರೆಯುತ್ತದೆ. ನಾವು ಹೊರಗೆ ಒಂದು ಗುಳ್ಳೆಯನ್ನು ಕಾಣುವ ಹೊತ್ತಿಗೆ ಒಳಗೆ ಎಷ್ಟೋ ಕಾಲದ ಕೆಲಸ ನಡೆದಿರುತ್ತದೆ.

ಇದೇ ಸೀಮೆಯಲ್ಲಿ ಇದಕ್ಕೆ ಅಪವಾದವೂ ಒಂದಿದೆ. ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯೆದುರು ಕಬ್ಬಿಣದ ಕಂಬವೊಂದು ಶತಮಾನಗಳಿಂದ ಮಳೆಯಲ್ಲಿ ತೊಯ್ದು ಮಂಜಿನಲ್ಲಿ ನೆನೆದು ನಿಂತಿದೆ. ದಿಲ್ಲಿಯ ಮೆಹ್ರೋಲಿಯಲ್ಲಿರುವ, ಸುಮಾರು 1600 ವರ್ಷ ಹಳೆಯ ಸ್ತಂಭವಂತೂ ಲೋಕಪ್ರಸಿದ್ಧ. ಅದರ ಕಬ್ಬಿಣದಲ್ಲಿರುವ ರಂಜಕದ ಅಂಶವೇ ಕಾಪಿನ ಪೊರೆ ಕಟ್ಟಿಕೊಟ್ಟಿದೆಯೆಂದು ಲೋಹಶಾಸ್ತ್ರಜ್ಞರು ವಿವರಿಸಿದ್ದಾರೆ. ಆದರೆ ಕಂಬವೆಂದರೆ ಗಟ್ಟಿ ಕಬ್ಬಿಣ. ಕಾರೆಂದರೆ ಒಂದು ಮಿಲಿಮೀಟರಿಗೂ ತುಸು ತೆಳುವಾದ ತಗಡಿನ ಪೆಟ್ಟಿಗೆ. ಕಂಬಕ್ಕೆ ಗೀರು ಬೀಳುವಷ್ಟು ತುಕ್ಕು ಕಾರಿಗೆ ಕಿಂಡಿಯಾಗುತ್ತದೆ.

ಇನ್ನು ನನ್ನ ಅಪರಾಧವನ್ನು ನಿವೇದಿಸಿಕೊಳ್ಳಬೇಕು. ಮೂರು ವರ್ಷಗಳ ಹಿಂದೆ, ಮಳೆಗಾಲಕ್ಕೆ ಮುಂಚೆ, ಕಾರಿನ ತಳಕ್ಕೆ ಕಪ್ಪು ಲೇಪನವನ್ನು ಬಳಿಸಿದವನು ನಾನು. “ಮೊದಲು ತೊಳೆದು, ತುಕ್ಕು ಕೆರೆದು, ಎರಡು ದಿನ ಒಣಗಿಸಬೇಕು” ಎಂದು ಗ್ಯಾರೇಜಿನ ಹುಡುಗ ಹೇಳಿದ್ದ. ನನಗೆ ಪರೀಕ್ಷೆಯ ಮೌಲ್ಯಮಾಪನದ ಅವಸರ. “ಅದೆಲ್ಲ ಬೇಡ, ಸಂಜೆಯೊಳಗೆ ಮುಗಿಸಿ ಕೊಡು” ಎಂದೆ. ಅವನು ಮುಗಿಸಿಕೊಟ್ಟ. ತಳ ಎಣ್ಣೆ ಹಚ್ಚಿದ ಎಮ್ಮೆಯಂತೆ ಮಿಂಚಿತು. ನಾನು ಹೆಮ್ಮೆಯಿಂದ ಹಣ ಎಣಿಸಿದೆ. ಉಪ್ಪನ್ನೂ ತೇವವನ್ನೂ ಒಳಗೆ ಕೂಡಿಹಾಕಿ ಮೇಲೆ ಬಾಗಿಲು ಜಡಿದೆನೆಂದು ನನಗೆ ಹೊಳೆಯಲಿಲ್ಲ. ಅದು ಸಾಲದೆಂಬಂತೆ ಮುಂದಿನ ಗಾಜಿನ ರಬ್ಬರು ಬಿರುಕುಬಿಟ್ಟು, ಮಳೆಯ ನೀರು ಒಳಗಿಳಿದು, ಮ್ಯಾಟಿನಡಿಯ ಗೋಣಿಯಂಥ ಬಟ್ಟೆಯಲ್ಲಿ ಸಂಗ್ರಹವಾಗುತ್ತಿತ್ತು. ಮೇಲಿನಿಂದ ಒದ್ದೆ ಬಟ್ಟೆ, ಕೆಳಗಿನಿಂದ ಕಪ್ಪು ಲೇಪ. ನಡುವೆ ಸಿಕ್ಕ ತಗಡು ಏನಾದೀತು?

ಮರುದಿನ ಕಾಲೇಜಿನ ಭೌತವಿಜ್ಞಾನದ ಸಹೋದ್ಯೋಗಿಯಿಂದ ಒಂದು ಅಯಸ್ಕಾಂತವನ್ನು ಕಡ ತಂದೆ. ಅದನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಮೇಲೆಲ್ಲ ಆಡಿಸಿದೆ. ಗಟ್ಟಿ ತಗಡಿದ್ದಲ್ಲಿ ಅದು ‘ಟಕ್’ ಎಂದು ಕಚ್ಚಿಕೊಳ್ಳುತ್ತಿತ್ತು. ಎಡಗಡೆಯ ಹಿಂಚಕ್ರದ ಕಮಾನಿನ ಮೇಲೆ ಮಾತ್ರ ಕೈಬಿಟ್ಟರೆ ಜಾರಿ ಕೆಳಗೆ ಬಿತ್ತು. ಅಲ್ಲಿ ಕಬ್ಬಿಣವೇ ಇರಲಿಲ್ಲ; ಯಾವ ಕಾಲದಲ್ಲೋ ಯಾರೋ ತುಂಬಿದ ಪುಟ್ಟಿ, ಅದರ ಮೇಲೆ ಬಣ್ಣ. ನಾವು ಇಷ್ಟು ವರ್ಷ ಕಾರೆಂದು ತಿಳಿದು ಒರೆಸುತ್ತಿದ್ದುದರಲ್ಲಿ ಒಂದು ಭಾಗ ಬರಿಯ ಗಾರೆಯಾಗಿತ್ತು.

ಸಂಗತಿ ತಿಳಿದ ಮೇಲೆ ಸಲಹೆಗಾರರಿಗೆ ಬರವೆ? ಬೈಂದೂರಿನಲ್ಲಿ ಅಂಗಡಿಯಿಟ್ಟಿರುವ ನಮ್ಮ ಭಾವ ಮೊದಲು ಬಂದರು. “ಭಾವ, ಇಷ್ಟಕ್ಕೆ ಯಾಕೆ ತಲೆಬಿಸಿ? ತೂತಿಗೆ ಫೈಬರಿನ ಬಟ್ಟೆ ಅಂಟಿಸಿ, ಪುಟ್ಟಿ ತುಂಬಿ, ಬಣ್ಣ ಹೊಡೆಸಿ. ಹದಿನೈದು ಸಾವಿರದಲ್ಲಿ ಮದುಮಗಳ ಹಾಗೆ ಆಗುತ್ತದೆ. ಮಳೆ ಬರುವ ಮುಂಚೆ ಮಾರಿಬಿಡಿ. ಹಳೇ ಪದ್ಮಿನಿಗೆ ಈಗ ಹುಡುಗರು ಮುಗಿಬೀಳುತ್ತಾರೆ” ಎಂದರು. ನೆರೆಮನೆಯವರು ಇನ್ನೂ ಸುಲಭೋಪಾಯ ಹೇಳಿದರು: ಗುಜರಿಗೆ ಹಾಕಿ. ಸುಮಾರು 900 ಕಿಲೋ ತೂಕದ ಕಾರು. ಕಬ್ಬಿಣದ ಬೆಲೆಗೆ ಇಪ್ಪತ್ತೈದು ಸಾವಿರ ಬಂದರೂ ಬಂದೀತು.

ಮೂರನೆಯವರು ಟಿಂಕರಿಂಗ್ ಕೆಲಸದ ಸಾಹೇಬರು. ಹೆದ್ದಾರಿಯ ಬದಿಯಲ್ಲಿ, ಒಂದು ಗೋಳಿಮರದ ಕೆಳಗೆ, ನಾಲ್ಕು ಕಂಬದ ಮೇಲೆ ತಗಡು ಹೊದೆಸಿದ ಜಾಗವೇ ಅವರ ಕಾರ್ಖಾನೆ. ಅವರು ಕಾರಿನ ಅಡಿಗೆ ನುಗ್ಗಿ, ಒಂದು ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಕುಟ್ಟಿ ಕಿವಿಗೊಟ್ಟು, ಹೊರಬಂದು ಕೈ ಒರೆಸಿಕೊಂಡರು. “ಕಾಣಿ ಮಾಷ್ಟ್ರೇ, ಹೊರಗಿನಿಂದ ಹೇಳಲಿಕ್ಕೆ ಆಗುವುದಿಲ್ಲ. ನೆಲ ಹೋಗಿದೆ, ಅದು ದೊಡ್ಡದಲ್ಲ. ಎಡಗಡೆ ರನ್ನಿಂಗ್ ಬೋರ್ಡಿನ ಒಳಗೆ ಎಂತ ಆಗಿದೆ ಅಂತ ಬಿಚ್ಚಿಯೇ ಕಾಣಬೇಕು. ಲಾರಿಗಾದರೆ ಬೇರೆ ಚಾಸಿ ಉಂಟು. ಇದಕ್ಕೆ ಈ ತಗಡೇ ಚಾಸಿ” ಎಂದರು. ಖರ್ಚೆಷ್ಟೆಂದು ಕೇಳಿದೆ. “ಐವತ್ತರಿಂದ ಎಪ್ಪತ್ತು ಸಾವಿರ. ಕೊಯ್ದ ಮೇಲೆ ಗೊತ್ತಾಗುತ್ತದೆ” ಎಂದರು. ಕೊಯ್ದ ಮೇಲೆ ಗೊತ್ತಾಗುತ್ತದೆಂಬ ಮಾತನ್ನು ವೈದ್ಯರ ಬಾಯಲ್ಲಿ ಕೇಳಿದರೂ ಭಯವಾಗುತ್ತದೆ. ಟಿಂಕರಿನವರ ಬಾಯಲ್ಲಿ ಕೇಳಿದರೂ ಅಷ್ಟೇ.

ನಾನು ಕನ್ನಡ ಎಂ.ಎ. ಓದಿದವನು. ರಾತ್ರಿ ಹಾಸಿಗೆಯಲ್ಲಿ ಹೊರಳುತ್ತಿದ್ದಾಗ ಕೇಶಿರಾಜನ ವ್ಯಾಕರಣವೇ ನನ್ನ ನೆರವಿಗೆ ಬಂದಿತು. ಸಂಧಿಕಾರ್ಯಗಳು ಮೂರು: ಇದ್ದದ್ದು ಹೋಗುವುದು ಲೋಪ, ಇಲ್ಲದ್ದು ಬರುವುದು ಆಗಮ, ಒಂದರ ಜಾಗಕ್ಕೆ ಇನ್ನೊಂದು ಬರುವುದು ಆದೇಶ. ನೆರೆಮನೆಯವರದು ಲೋಪ, ಕಾರನ್ನೇ ಲೋಪಗೊಳಿಸುವುದು. ಭಾವನದು ಆಗಮ, ಕೊಳೆತದ್ದು ಇದ್ದ ಹಾಗೆಯೇ ಇರಲು, ಮೇಲೊಂದು ಪದರ ಬರುವುದು. ಸಾಹೇಬರದು ಆದೇಶ; ಹಾಳಾದದ್ದನ್ನು ತೆಗೆದು ಆ ಜಾಗಕ್ಕೆ ಹೊಸದನ್ನಿಡುವುದು. ತರಗತಿಯಲ್ಲಿ ಇದನ್ನು ಹೇಳಿದರೆ ವಿದ್ಯಾರ್ಥಿಗಳು ನಕ್ಕಾರು. ಆದರೆ ಐವತ್ತು ಸಾವಿರ ರೂಪಾಯಿಯ ಆದೇಶಸಂಧಿ ನಗೆಯ ವಿಷಯವಲ್ಲ.

ಏಕೆಂದರೆ ಮನೆಯಲ್ಲಿದ್ದುದು ಎಪ್ಪತ್ತು ಸಾವಿರ. ಅದನ್ನು ಕೂಡಿಟ್ಟದ್ದು ಮಾಡಿನ ಹಂಚನ್ನು ಇಳಿಸಿ, ಗೆದ್ದಲು ತಿಂದ ಪಕಾಸಿಗಳನ್ನು ಬದಲಿಸಿ, ಮತ್ತೆ ಹೊದೆಸುವುದಕ್ಕೆಂದು. ಹೋದ ಆಷಾಢದಲ್ಲಿ ಪಡಸಾಲೆಯಲ್ಲಿ ಮೂರು ಪಾತ್ರೆಗಳನ್ನು ಇಟ್ಟು ನೀರು ಹಿಡಿದಿದ್ದೆವು. ಮನೆಯಾಕೆ ಕಟುವಾಗಿ ಏನೂ ಹೇಳಲಿಲ್ಲ. “ನೋಡಿ, ಮಗು ಕೂರುವ ಜಾಗವೇ ಅದು. ಕಾರನ್ನು ಇಟ್ಟುಕೊಂಡರೆ ಸರಿಯಾಗಿ ಇಟ್ಟುಕೊಳ್ಳೋಣ, ಇಲ್ಲದಿದ್ದರೆ ಬೇಡ. ನಡುವಿನದು ಮಾತ್ರ ಬೇಡ” ಎಂದಳು. ಇದರ ಮೇಲೆ ನೋಂದಣಿಯ ನವೀಕರಣ ಬೇರೆ ಹತ್ತಿರ ಬಂದಿತ್ತು. ಹಳೆಯ ಕಾರಿನ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತ್ತು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದು 10000 ಆಯಿತು.

ಸತ್ಯವನ್ನು ಹೇಳುವುದಾದರೆ, ನನ್ನ ಮನಸ್ಸು ಒಲಿದದ್ದು ಆ ನಡುವಿನದಕ್ಕೇ. ಭಾವ ಒಬ್ಬ ಗಿರಾಕಿಯನ್ನೂ ಹುಡುಕಿದ್ದರು. ಆತ ಮಣಿಪಾಲದಲ್ಲಿ ಕೆಲಸದಲ್ಲಿರುವ ತರುಣ. ತನ್ನ ಅಜ್ಜನ ಬಳಿ ಇಂಥದೇ ಕಾರಿತ್ತಂತೆ. ಹೆಂಡತಿಯನ್ನೂ ಆರು ತಿಂಗಳ ಕೂಸನ್ನೂ ಕರೆತಂದು ನೋಡಿದ. ಸ್ಟಿಯರಿಂಗಿನ ಪಕ್ಕದ ಗೇರನ್ನು ಮುಟ್ಟಿ ಮುಟ್ಟಿ ಸಂತೋಷಪಟ್ಟ. ಮ್ಯಾಟನ್ನು ಎತ್ತಿ ನೋಡಲಿಲ್ಲ. ನಾನೂ ಎತ್ತಿ ತೋರಿಸಲಿಲ್ಲ. “ಸ್ವಲ್ಪ ಕೆಲಸ ಮಾಡಿಸಿ ಕೊಡುತ್ತೇನೆ” ಎಂದಷ್ಟೇ ಹೇಳಿದೆ. ಒಂದೂಕಾಲು ಲಕ್ಷಕ್ಕೆ ಮಾತಾಯಿತು. ಹದಿನೈದು ಸಾವಿರದ ಪುಟ್ಟಿ ಕಳೆದರೂ, ಮಾಡಿಗೆ ಮಾಡೂ ಆಯಿತು, ಕೈಯಲ್ಲಿ ಹಣವೂ ಉಳಿಯಿತು. ಅಪ್ಪಯ್ಯನಿಗೆ ಎಪ್ಪತ್ತೆಂಟು, ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, 2019ರಿಂದ ಅವರು ಕಾರು ಓಡಿಸಿಲ್ಲ. ಮಾರುವ ಮಾತನ್ನು ನಿಧಾನವಾಗಿ ತಿಳಿಸಿದರಾಯಿತು. ತೂತಿನ ಮಾತನ್ನು ತಿಳಿಸಬೇಕಾದುದೇ ಇಲ್ಲ ಎಂದು ನಾನು ಲೆಕ್ಕ ಹಾಕಿದ್ದೆ.

ಆದರೆ ಮನೆಯಲ್ಲಿ ಎಂಟು ವರ್ಷದ ಮಗಳಿರುವಾಗ ಗುಟ್ಟು ಎಷ್ಟು ದಿನ ಗುಟ್ಟಾಗಿದ್ದೀತು? ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ, ಅಪ್ಪಯ್ಯ ಚಪ್ಪರದಡಿ ಕಾರಿನ ಹಿಂಬಾಗಿಲನ್ನು ತೆರೆದು, ಮಣೆಯ ಮೇಲೆ ಕುಳಿತಿದ್ದರು. ಮ್ಯಾಟು ಹೊರಗಿತ್ತು. ಮೊಮ್ಮಗಳು ಟಾರ್ಚು ಹಿಡಿದಿದ್ದಳು. ಅಪ್ಪಯ್ಯನ ಕೈಯಲ್ಲಿ ಅವರ ಹಳೆಯ ಮರದ ರೂಲುದೊಣ್ಣೆ. ಅದರಿಂದ ನೆಲವನ್ನು ಮೆಲ್ಲಗೆ ಕುಟ್ಟುತ್ತಿದ್ದರು. ಕುಟ್ಟಿದಲ್ಲೆಲ್ಲ ಕಂದುಬಣ್ಣದ ಹಕ್ಕಳೆ ಉದುರುತ್ತಿತ್ತು.

ಆ ರೂಲುದೊಣ್ಣೆಯನ್ನು ಕಂಡೊಡನೆ ನನಗೆ 1996ರ ಮಳೆಗಾಲ ನೆನಪಾಯಿತು. ನಾನು ಆಗ ಅಪ್ಪಯ್ಯನ ಶಾಲೆಯಲ್ಲೇ ಎರಡನೆಯ ತರಗತಿ. ರಜೆ ಕಳೆದು ಶಾಲೆ ತೆರೆದಾಗ ಗೋಡೆಗೆ ಸುಣ್ಣ, ತೊಲೆಗಳಿಗೆ ಬಣ್ಣ, ನಮಗೆಲ್ಲ ಸಂಭ್ರಮ. ಅಪ್ಪಯ್ಯ ಮೇಜಿನ ಮೇಲೆ ಹತ್ತಿ ಇದೇ ದೊಣ್ಣೆಯಿಂದ ನಡುವಿನ ತೊಲೆಯನ್ನು ಕುಟ್ಟಿದರು. ಸದ್ದು ಟೊಳ್ಳಾಗಿ ಬಂತು. ಚಾಕುವಿನ ತುದಿಯನ್ನು ಒತ್ತಿದರೆ ಹಿಡಿಯ ತನಕ ಒಳಗೆ ಹೋಯಿತು. ಬಣ್ಣದ ಹಿಂದೆ ಗೆದ್ದಲು ಬಿಟ್ಟು ಬೇರೇನೂ ಇರಲಿಲ್ಲ. ಅಂದೇ ನಮ್ಮನ್ನೆಲ್ಲ ಹೊರಗೆ ಕಳುಹಿಸಿ ಬೀಗ ಜಡಿದರು. ಹೊಸ ತೊಲೆ ಬರುವ ತನಕ, ಎರಡು ತಿಂಗಳು, ಪಕ್ಕದ ಮನೆಯ ಭತ್ತದ ಕಣಜದ ಜಗಲಿಯಲ್ಲಿ ಪಾಠವಾಯಿತು. ಬಣ್ಣ ಹೊಡೆಸಿದವರಿಗೆ ಅಪ್ಪಯ್ಯನ ಮೇಲೆ ಸಿಟ್ಟು ಬಂದಿತ್ತೆಂದು ಅಮ್ಮ ಹೇಳುತ್ತಿದ್ದಳು.

ನಾನು ಕಾರಿನ ಬಳಿ ಹೋಗಿ ನಿಂತೆ. ಅಪ್ಪಯ್ಯ ತಲೆಯೆತ್ತಲಿಲ್ಲ.

“ಆ ಹುಡುಗ ಇದನ್ನು ನೋಡಿದನೋ?” ಎಂದು ಕೇಳಿದರು.

“ಇಲ್ಲ.”

“ತೋರಿಸಿದೆಯೋ?”

ನಾನು ಸುಮ್ಮನಿದ್ದೆ. ಮಗಳು ಟಾರ್ಚಿನ ಬೆಳಕನ್ನು ನನ್ನ ಮುಖಕ್ಕೆ ಬಿಟ್ಟಳು.

“ಮಗಾ, ಕಾರು ಇರಲೇಬೇಕೆಂದು ನನಗಿಲ್ಲ. ನಿನ್ನಮ್ಮ ಹೋದಮೇಲೆ ಹಿಂದಿನ ಸೀಟು ಖಾಲಿಯೇ ಇತ್ತು. ಈಗ ಇವಳು ಕೂರುತ್ತಾಳೆ. ಗಟ್ಟಿ ಸಿಗುವ ತನಕ ಕೆರೆಸಿ ನೋಡು. ಗಟ್ಟಿ ಸಿಕ್ಕರೆ ಅದಕ್ಕೆ ಜೋಡಿಸು. ಸಿಗದಿದ್ದರೆ ಗುಜರಿಗೆ ಕಳಿಸು, ನನಗೆ ಬೇಜಾರಿಲ್ಲ. ಬಣ್ಣ ಬಳಿದು ಮಾತ್ರ ಇನ್ನೊಬ್ಬರ ಕೂಸನ್ನು ಇದರ ಮೇಲೆ ಕೂರಿಸಬೇಡ.”

ಇಷ್ಟು ಹೇಳಿ, ದೊಣ್ಣೆಯನ್ನು ಒರೆಸಿ, ಒಳಗೆ ಹೋದರು. ಅಂದು ರಾತ್ರಿ ಆ ತರುಣನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದೆ. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ “ಥ್ಯಾಂಕ್ಸ್ ಸರ್” ಎಂದ. ಆ ಎರಡು ಶಬ್ದಗಳು ನನ್ನನ್ನು ಚುಚ್ಚಿದಷ್ಟು ಬೈಗುಳವೂ ಚುಚ್ಚುತ್ತಿರಲಿಲ್ಲ.

ಹೀಗೆ ನಿರ್ಧಾರ ನನ್ನ ಕೈತಪ್ಪಿ ತಗಡಿನ ಕೈಗೆ ಹೋಯಿತು. ಗಟ್ಟಿ ಎಲ್ಲಿದೆಯೆಂಬುದನ್ನು ಅದೇ ಹೇಳಬೇಕು. ಸಾಹೇಬರು ಮೊದಲು ಬ್ಯಾಟರಿಯ ತಂತಿ ಕಳಚಿದರು, ಪೆಟ್ರೋಲಿನ ಟ್ಯಾಂಕನ್ನು ಇಳಿಸಿ ದೂರವಿಟ್ಟರು, ಸೀಟುಗಳನ್ನು ಹೊರತೆಗೆದರು. ಕಾರನ್ನು ನಾಲ್ಕು ಕಡೆ ಸಮನಾಗಿ ಆಧಾರದ ಮೇಲೆ ನಿಲ್ಲಿಸಿ, ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಯೊಂದನ್ನು ಬೆಸೆದರು. “ಮಗ್ಗುಲು ಕೊಯ್ದರೆ ಗಾಡಿ ನಡುವಿನಲ್ಲಿ ಬಗ್ಗುತ್ತದೆ ಮಾಷ್ಟ್ರೇ. ಆಮೇಲೆ ಬಾಗಿಲು ಕೂರುವುದಿಲ್ಲ” ಎಂದರು. ಬಳಿಕ ಕೊಯ್ಯತೊಡಗಿದರು. ನಾನು ತರಗತಿಗಳಿಲ್ಲದ ಹೊತ್ತಿನಲ್ಲೆಲ್ಲ ಹೋಗಿ ಗೋಳಿಮರದಡಿ ನಿಂತು ನೋಡುತ್ತಿದ್ದೆ.

ಒಂದು ಅಂಗೈ ಅಗಲ ಕೊಯ್ದರು. ಅಂಚು ಬಿಸ್ಕತ್ತಿನಂತೆ ಮುರಿಯಿತು. ಇನ್ನೊಂದು ಗೇಣು ಕೊಯ್ದರು, ಅಲ್ಲೂ ಅದೇ. ರನ್ನಿಂಗ್ ಬೋರ್ಡಿನ ಹೊರತಗಡನ್ನು ತೆರೆದಾಗ ಒಳಗಿನಿಂದ ಎರಡು ಬೊಗಸೆಯಷ್ಟು ಕೆಂಪು ಪುಡಿ ಸುರಿಯಿತು. ಸಾಹೇಬರು ಅದನ್ನು ಗುಡಿಸಿ ಒಂದು ಡಬ್ಬಿಗೆ ತುಂಬಿ, “ನಿಮ್ಮ ಮರವಂತೆ” ಎಂದು ನಕ್ಕರು. ಮೂರನೆಯ ದಿನ ಮಧ್ಯಾಹ್ನ, ಸೀಟು ಕೂರುವ ಅಡ್ಡಪಟ್ಟಿಯ ಬಳಿ, ಉಜ್ಜುವ ಚಕ್ರದ ಕೆಳಗೆ ಬಿಳಿಯ ಬೆಳ್ಳಿಯಂಥ ಗೆರೆಯೊಂದು ಮಿಂಚಿತು. ಸುತ್ತಿಗೆಯಿಂದ ಕುಟ್ಟಿದರೆ ‘ಟಣ್’ ಎಂದಿತು. ಹಿಂದಿನ ಸ್ಪ್ರಿಂಗು ಕಟ್ಟುವ ಜಾಗಗಳನ್ನೂ ಕೆರೆದು ನೋಡಿದರು. ಅವೂ ಟಣ್ ಎಂದವು. ಆ ಜಾಗಗಳು ಹೋಗಿದ್ದರೆ ಗುಜರಿಯೇ ಗತಿಯಾಗಿತ್ತು. “ಗಟ್ಟಿ ಉಂಟು ಮಾಷ್ಟ್ರೇ. ದೊಡ್ಡ ಮಾಷ್ಟ್ರಿಗೆ ಹೇಳಿ” ಎಂದರು ಸಾಹೇಬರು.

ಆಮೇಲಿನ ನಿರ್ಧಾರಗಳು ಸುಲಭವಾದವು. ಏಕೆಂದರೆ ತುಕ್ಕೆಲ್ಲ ಒಂದೇ ಜಾತಿಯದಲ್ಲವೆಂದು ಕಣ್ಣಾರೆ ಕಂಡಿದ್ದೆ. ಭಾರ ಹೊರುವ ತಗಡು ತೂತಾಗಿದ್ದರೆ ಬೇರೆ ಮಾತಿಲ್ಲ: ಗಟ್ಟಿ ಸಿಗುವ ತನಕ ಕೊಯ್ದು, 20 ಗೇಜಿನ ಹೊಸ ತಗಡನ್ನು ಬಾಗಿಸಿ, ಬೆಸೆಯಬೇಕು. ಎಡಗಡೆಯ ನೆಲವನ್ನೂ ರನ್ನಿಂಗ್ ಬೋರ್ಡನ್ನೂ ಹಿಂಚಕ್ರದ ಕಮಾನನ್ನೂ ಹೀಗೆ ಮಾಡಿಸಿದೆವು. ಒಂದೇ ಸಮನೆ ಬೆಸೆದರೆ ತೆಳು ತಗಡು ಕಾದು ಸೊಟ್ಟಗಾಗುತ್ತದೆಂದು ಸಾಹೇಬರು ಇಲ್ಲೊಂದು ಬೊಟ್ಟು, ಅಲ್ಲೊಂದು ಬೊಟ್ಟು ಇಟ್ಟು, ಆರಲು ಬಿಟ್ಟು, ಮತ್ತೆ ನಡುವೆ ತುಂಬುತ್ತಿದ್ದರು. ಮದುವೆಮನೆಯ ದರ್ಜಿ ಮೊದಲು ಗುಂಡುಸೂಜಿ ಚುಚ್ಚಿಕೊಂಡಂತೆ. ಬಲಗಡೆಯ ನೆಲದಲ್ಲಿ ತುಕ್ಕು ಮೇಲುಮೇಲಿನದು, ತಗಡು ಗಟ್ಟಿಯಿತ್ತು. ಅದಕ್ಕೆ ತಂತಿಯ ಬ್ರಷ್ಷಿನಿಂದ ಉಜ್ಜಿ, ರಂಜಕಾಮ್ಲದ ದ್ರಾವಣ ಬಳಿದು, ಕಪ್ಪಾದ ಮೇಲೆ ಸತುವಿನ ಪ್ರೈಮರ್ ಹೊಡೆಸಿದರೆ ಸಾಕಾಯಿತು. ಈ ದ್ರಾವಣ ಉಳಿದ ತುಕ್ಕನ್ನು ಬೇರೊಂದು ನಿರುಪದ್ರವಿ ವಸ್ತುವಾಗಿ ಮಾರ್ಪಡಿಸುತ್ತದೆ. ಆದರೆ ಹೋದ ಕಬ್ಬಿಣವನ್ನು ಮರಳಿ ತರುವುದಿಲ್ಲ. ಡಿಕ್ಕಿಯ ಮುಚ್ಚಳದ ಅಂಚಿನಲ್ಲಿ ಒಂದೆರಡು ಚುಕ್ಕೆಗಳಿದ್ದವು. ಅವನ್ನು ಉಜ್ಜಿ ಬಣ್ಣ ಮುಟ್ಟಿಸಿ, ಮುಂದಿನ ವರ್ಷ ನೋಡೋಣವೆಂದು ಬಿಟ್ಟೆವು. ಬೆಸುಗೆಯ ಬಿಸಿಗೆ ಟೊಳ್ಳುಗಳ ಒಳಗಿನ ಬಣ್ಣ ಸುಟ್ಟಿರುತ್ತದೆ; ಅಲ್ಲಿಂದಲೇ ಹೊಸ ತುಕ್ಕು ಹುಟ್ಟುವುದು. ಆದ್ದರಿಂದ ಕೊನೆಗೆ ಸಣ್ಣ ನಳಿಕೆಯಿಂದ ಒಳಗೆಲ್ಲ ಮೇಣ ಬೆರೆತ ಎಣ್ಣೆಯನ್ನು ಚಿಮ್ಮಿಸಿದರು. ಕಪ್ಪು ಲೇಪನವೂ ಬಂತು. ಆದರೆ ಎಲ್ಲಕ್ಕಿಂತ ಕಡೆಯಲ್ಲಿ, ಎಲ್ಲ ಒಣಗಿದ ಮೇಲೆ.

ಉಳಿದದ್ದು ಬಣ್ಣ. ಇಡೀ ಕಾರಿಗೆ ಬಣ್ಣ ಹೊಡೆಸಲು ಇನ್ನೂ ಮೂವತ್ತು ಸಾವಿರ. ನಾನು ಬೇಡವೆಂದೆ. ಹಣವಿರಲಿಲ್ಲವೆಂಬುದು ಒಂದು ಕಾರಣ. ಇನ್ನೊಂದು, ನಮ್ಮ ಗ್ರಂಥಸಂಪಾದನೆಯ ಪಾಠ. ಹುಳು ತಿಂದ ಓಲೆಯಲ್ಲಿ ಅಕ್ಷರಗಳು ಹೋಗಿದ್ದರೆ, ಸಂಪಾದಕ ತಾನು ಊಹಿಸಿ ತುಂಬಿದ್ದನ್ನು ಕಂಸದೊಳಗೆ ತೋರಿಸುತ್ತಾನೆ. ಮೂಲದ ಮಾತೆಂದು ನಟಿಸುವುದಿಲ್ಲ. ಹಾಗೆಯೇ ಹೊಸ ತಗಡಿದ್ದಲ್ಲಿ ಮಾತ್ರ ಹೊಸ ಕೆನೆಬಣ್ಣ ಹೊಡೆಸಿದೆವು. ಅದು ಹಳೆಯದರೊಡನೆ ಪೂರ್ತಿ ಹೊಂದಿಲ್ಲ. ಹತ್ತಿರ ಬಂದು ನೋಡಿದವರಿಗೆ ಎಲ್ಲಿ ಹಳತು, ಎಲ್ಲಿ ಹೊಸತೆಂದು ತಿಳಿಯುತ್ತದೆ. ತಿಳಿಯಲಿ.

ಒಟ್ಟು ಐವತ್ತೆರಡು ಸಾವಿರವಾಯಿತು. ಉಳಿದ ಹಣದಲ್ಲಿ ಪಡುವಣದ ಮಾಡಿನ ಹಂಚನ್ನಷ್ಟೇ ಹೊದೆಸಿದೆವು. ಪಡುಗಾಳಿಯ ಮಳೆ ಬಡಿಯುವುದು ಅಲ್ಲಿಯೇ. ಮೂಡಣದ ಕಡೆ ಈ ವರ್ಷವೂ ಒಂದು ಪಾತ್ರೆ ಇಡಬೇಕಾದೀತು. ಮನೆಯಾಕೆ ಯಾವ ಪಾತ್ರೆಯೆಂಬುದನ್ನು ಈಗಾಗಲೇ ಗೊತ್ತುಮಾಡಿದ್ದಾಳೆ.

ಮರವಂತೆಯನ್ನು ಬಿಟ್ಟಿಲ್ಲ. ಕಡಲನ್ನು ಬಿಟ್ಟು ಕಾರನ್ನು ಉಳಿಸಿಕೊಂಡು ಮಾಡುವುದಾದರೂ ಏನು? ಆದರೆ ಅಲ್ಲಿ ನಿಲ್ಲುವುದು ಮೊದಲಿನಷ್ಟು ಹೊತ್ತಲ್ಲ. ಮನೆಗೆ ಬಂದೊಡನೆ ಬಾವಿಯ ನೀರಿನಿಂದ ಕಾರಿನ ಹೊಟ್ಟೆಯಡಿಯನ್ನು ತೊಳೆಯುವುದು ನನ್ನ ಪಾಲಿನ ಕೆಲಸ. ಮ್ಯಾಟನ್ನು ಎತ್ತಿ ಒಣಗಿಸುವುದು ಮನೆಯಾಕೆಯದು. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿದುಹೋಗಲು ಸಣ್ಣ ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿ ಅವು ಮುಚ್ಚಿದರೆ ಬಾಗಿಲೇ ನೀರಿನ ತೊಟ್ಟಿಯಾಗುತ್ತದೆ. ತೆಂಗಿನ ಕಡ್ಡಿಯಿಂದ ಅವನ್ನು ಬಿಡಿಸುವ ಅಧಿಕಾರ ಮಗಳದು. ಅಪ್ಪಯ್ಯ ಮಣೆಯ ಮೇಲೆ ಕುಳಿತು, “ಆಚೆಯದು? ಹಿಂಬಾಗಿಲಿನದು?” ಎಂದು ಒಂದೊಂದನ್ನೂ ಹಾಜರಿ ಕರೆಯುತ್ತಾರೆ.

ಮೊನ್ನೆ ಭಾನುವಾರ ಹಿಂತಿರುಗುವಾಗ ಹಿಂದಿನ ಸೀಟಿನಿಂದ ಮತ್ತೆ “ಅಪ್ಪಾ, ಪೆನ್ಸಿಲು ಬಿತ್ತು” ಎಂಬ ಕೂಗು ಕೇಳಿತು. ಅಪ್ಪಯ್ಯ ಮುಂದಿನ ಸೀಟಿನಿಂದ ಹೊರಳಿ, “ಅಲ್ಲೇ ಇರುತ್ತದೆ, ಹುಡುಕು” ಎಂದರು. ಅಲ್ಲೇ ಇತ್ತು.